ಅನುಮಾನ ಇರಲಿ, ಆದರೆ ಯಾವುದರ ಮೇಲೆ?

(ಚಿಕ್ಕಮಗಳೂರಿನಲ್ಲಿ ಓದುಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಬಂದಿದ್ದೀರಿ, ಅದೂ ಮನೋವೈದ್ಯರ ಮಾತು ಕೇಳುವುದಕ್ಕೆ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಎಷ್ಟೋ ಜನ ಪಕ್ಕದ ಮೆಡಿಕಲ್ ಶಾಪಿಗೆ ಬಂದವರ ಹಾಗೆ ನಿಂತು, ಆಚೀಚೆ ನೋಡಿ, ಆಮೇಲೆ ಒಳಗೆ ಬರುತ್ತಾರೆ. ನೀವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಸಂತೋಷ.

ನನಗೆ ಕೊಟ್ಟ ವಿಷಯ ‘ಮಾನಸಿಕ ಆರೋಗ್ಯ ಮತ್ತು ಸಮಾಜ’. ಅದು ವಾರಗಟ್ಟಲೆ ಮಾತಾಡಿದರೂ ಮುಗಿಯದ್ದು. ನಾನು ಅದರಲ್ಲಿ ಒಂದು ಚೂರನ್ನು ಮಾತ್ರ ತೆಗೆದುಕೊಂಡಿದ್ದೇನೆ. ಹೆಸರು ಮಾಡಿದವರು ಯಾರಾದರೂ ‘ನನಗೆ ಡಿಪ್ರೆಷನ್ ಇತ್ತು’ ಅಂದಾಗ ನಾವು ಏನನ್ನುತ್ತೇವೆ? ‘ಹೊಸ ಸಿನಿಮಾ ಬರ್ತಿದೆ ಅನ್ಸುತ್ತೆ.’ ‘ದುಡ್ಡು ಜಾಸ್ತಿ ಆದ್ರೆ ಹಿಂಗೇ.’ ‘ನಮ್ಮಜ್ಜಿ ಎಂಟು ಮಕ್ಕಳನ್ನು ಹೆತ್ತು ತೋಟಾನೂ ನೋಡಿಕೊಂಡ್ರು, ಅವರಿಗೆ ಯಾವ ಡಿಪ್ರೆಷನ್ನೂ ಬರ್ಲಿಲ್ಲ.’

ಅಜ್ಜಿಯ ವಿಷಯ ಆಮೇಲೆ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅನುಮಾನ ಪಡುವವರನ್ನು ಬೈಯುವುದಕ್ಕೆ ನಾನು ಬಂದಿಲ್ಲ. ಅನುಮಾನ ನನ್ನ ಕಸುಬಿನಲ್ಲೂ ಇದೆ. ಎದುರಿಗೆ ಕೂತವರು ಹೇಳಿದ್ದನ್ನೆಲ್ಲ ಕೇಳಿದ ಕೂಡಲೇ ಬರೆದುಕೊಂಡು ಮಾತ್ರೆ ಕೊಟ್ಟರೆ ನಾನು ಡಾಕ್ಟರ್ ಅಲ್ಲ, ಗುಮಾಸ್ತ. ನನ್ನ ತಕರಾರು ಇಷ್ಟೇ. ನಾವು ಅನುಮಾನ ಪಡಬೇಕಾದದ್ದನ್ನು ಬಿಟ್ಟು, ನಮಗೆ ಗೊತ್ತಾಗಲು ಸಾಧ್ಯವೇ ಇಲ್ಲದ್ದರ ಮೇಲೆ ಕೂಗಾಡುತ್ತೇವೆ.

ಒಂದು ಪ್ರಸಂಗ ತೆಗೆದುಕೊಳ್ಳೋಣ. 2021ರ ಮಾರ್ಚ್ 7ರಂದು ಬ್ರಿಟನ್ನಿನ ರಾಜಕುಮಾರ ಹ್ಯಾರಿಯ ಹೆಂಡತಿ ಮೇಗನ್ ಮಾರ್ಕೆಲ್ ಅಮೆರಿಕದ ಟಿವಿಯಲ್ಲಿ ಓಪ್ರಾ ವಿನ್‌ಫ್ರೇ ಜತೆ ಮಾತಾಡಿದರು. ಬಸುರಿಯಾಗಿದ್ದಾಗ ಬದುಕೇ ಬೇಡ ಅನ್ನಿಸಿತ್ತು ಅಂದರು. ಅರಮನೆಯ ಆಡಳಿತದವರ ಹತ್ತಿರ ಹೋಗಿ ಸಹಾಯ ಕೇಳಿದೆ, ಯಾರೂ ಮಾಡಲಿಲ್ಲ ಅಂದರು. ಮರುದಿನ ಬೆಳಗ್ಗೆ ಲಂಡನ್ನಿನ ಐಟಿವಿ ವಾಹಿನಿಯ ಬೆಳಗಿನ ಕಾರ್ಯಕ್ರಮದಲ್ಲಿ ನಿರೂಪಕ ಪಿಯರ್ಸ್ ಮಾರ್ಗನ್, ಆಕೆಯ ಒಂದು ಮಾತನ್ನೂ ನಂಬುವುದಿಲ್ಲ ಅಂತ ಹೇಳಿಬಿಟ್ಟರು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ ದೂರಿನ ಮಳೆ. ಒಟ್ಟು 57,000ಕ್ಕೂ ಜಾಸ್ತಿ. ಮೇಗನ್ ಕೂಡ ದೂರು ಕೊಟ್ಟರು. 9ನೇ ತಾರೀಖು ಮಾರ್ಗನ್ ಸಹೋದ್ಯೋಗಿಯ ಟೀಕೆ ಕೇಳಲಾರದೆ ಸೆಟ್ ಬಿಟ್ಟು ಎದ್ದು ಹೋದರು. ಅದೇ ದಿನ ಆ ಕೆಲಸವನ್ನೂ ಬಿಟ್ಟರು.

ಇಷ್ಟು ಬಹಳ ಜನಕ್ಕೆ ಗೊತ್ತು. ಅದೇ ದಿನದ ಕಾರ್ಯಕ್ರಮದಲ್ಲಿ ಅವರು ಹೇಳಿದ್ದು ಜಾಸ್ತಿ ಜನಕ್ಕೆ ನೆನಪಿಲ್ಲ. ಆಕೆಗೆ ಸಾಯಬೇಕು ಅನ್ನಿಸಿತ್ತೋ ಇಲ್ಲವೋ ಅಂತ ಪ್ರಶ್ನಿಸುವುದು ನನ್ನ ಕೆಲಸವಲ್ಲ, ಸಹಾಯ ಕೇಳಿದರೂ ಅರಮನೆಯವರು ಕೊಡಲಿಲ್ಲ ಅನ್ನುವುದನ್ನೇ ನಾನು ನಂಬಲಾರೆ ಅನ್ನುವ ಅರ್ಥದಲ್ಲಿ ಮಾತಾಡಿದರು. ನೋಡಿ, ಹಿಂದಿನ ದಿನ ಒಂದೇ ಗಂಟಾಗಿದ್ದದ್ದು ಮರುದಿನ ಎರಡಾಯಿತು. ಆ ಮನುಷ್ಯನ ಬಗ್ಗೆ ನನಗೆ ದೊಡ್ಡ ಅಭಿಮಾನವೇನಿಲ್ಲ. ಆದರೂ ಒತ್ತಡಕ್ಕೆ ಸಿಕ್ಕಿಕೊಂಡು ಆತ ಮಾಡಿದ ಈ ಭಾಗ ಸರಿಯಾಗಿದೆ. ಮೊದಲನೇ ದಿನವೇ ಮಾಡಿದ್ದರೆ ಕೆಲಸ ಉಳಿಯುತ್ತಿತ್ತೇನೋ.

ಪ್ರಸಿದ್ಧರು ಬಾಯಿಬಿಟ್ಟಾಗ ಸಾಮಾನ್ಯವಾಗಿ ಮೂರು ಮಾತು ಒಟ್ಟಿಗೆ ಬರುತ್ತವೆ. ನನಗೆ ಹೀಗಾಯಿತು ಅನ್ನುವುದು ಒಂದು. ಇಂಥವರಿಂದ, ಇಂಥದ್ದರಿಂದ ಆಯಿತು ಅನ್ನುವುದು ಇನ್ನೊಂದು. ಆದ್ದರಿಂದ ನನಗೆ ಇಷ್ಟು ವಿನಾಯಿತಿ ಕೊಡಿ, ಇದನ್ನು ಕ್ಷಮಿಸಿ ಅನ್ನುವುದು ಮೂರನೆಯದು. ಎರಡನೆಯದನ್ನು ತನಿಖೆ ಮಾಡಬಹುದು. ಸಹಾಯ ಕೇಳಿದ್ದಕ್ಕೆ ಪತ್ರ ಇದೆಯಾ, ಕಂಡವರು ಇದ್ದಾರಾ ಅಂತ ಪತ್ರಕರ್ತರು ಕೇಳಲೇಬೇಕು. ಮೂರನೆಯದರ ಬಗ್ಗೆ ವಾದ ಮಾಡಬಹುದು, ಒಪ್ಪದೇ ಇರಬಹುದು. ಮೊದಲನೆಯದು ಮಾತ್ರ ಟಿವಿ ನೋಡಿ ನಿರ್ಧಾರ ಮಾಡುವಂಥದ್ದಲ್ಲ. ತಮಾಷೆ ಅಂದರೆ ನಮ್ಮ ಕೂಗೆಲ್ಲ ಆ ಮೊದಲನೆಯದರ ಮೇಲೇ.

ಅದೇ ವರ್ಷ ಮೇ ಕೊನೆಯಲ್ಲಿ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೆ ಬರುವುದಿಲ್ಲ ಅಂದರು. ಮನಸ್ಸಿನ ಆರೋಗ್ಯದ ಕಾರಣ ಕೊಟ್ಟರು. ಸಂಘಟಕರು 15,000 ಡಾಲರ್ ದಂಡ ಹಾಕಿದರು. ಮರುದಿನವೇ ಅವರು ಟೂರ್ನಿಯಿಂದ ಹಿಂದೆ ಸರಿದರು. 2018ರ ಯುಎಸ್ ಓಪನ್ ನಂತರ ಡಿಪ್ರೆಷನ್ ಆಗಾಗ ಕಾಡಿದೆ ಅಂತ ಬರೆದರು. ಇಲ್ಲಿ ‘ಪತ್ರಕರ್ತರ ಜತೆ ಮಾತಾಡುವುದೂ ಅವಳ ಕೆಲಸದ ಭಾಗ ಅಲ್ವಾ’ ಅಂತ ಕೇಳಿದವರು ಕೆಟ್ಟವರಲ್ಲ. ಅದು ನ್ಯಾಯವಾದ ಪ್ರಶ್ನೆ. ‘ಇಷ್ಟು ದೊಡ್ಡ ಆಟಗಾರ್ತಿಗೆ ಎಂಥ ಡಿಪ್ರೆಷನ್ರೀ’ ಅಂದವರದ್ದು ಪ್ರಶ್ನೆಯೇ ಅಲ್ಲ.

ಮೂರನೆಯ ಮಾತಿಗೆ ಕಷ್ಟದ ಉದಾಹರಣೆ ಗಾಯಕ ಕಾನ್ಯೆ ವೆಸ್ಟ್. ತಮಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ, ಇದೆ ಅಂತ 2018ರಲ್ಲಿ ಅವರೇ ಹೇಳಿಕೊಂಡಿದ್ದರು. 2022ರಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿದರು. ಅಡಿಡಾಸ್ ಕಂಪನಿ ಒಪ್ಪಂದ ಮುರಿದುಕೊಂಡಿತು. ಆಗ ಒಂದು ಗುಂಪು ‘ಪಾಪ, ಕಾಯಿಲೆ’ ಅಂದಿತು. ಇನ್ನೊಂದು ಗುಂಪು ‘ಕಾಯಿಲೆ ಅನ್ನೋದು ಬರೀ ನೆಪ’ ಅಂದಿತು. ಆ ವ್ಯಕ್ತಿಯ ಬಗ್ಗೆ ನಾನು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಒಟ್ಟಾರೆ ಕಾಯಿಲೆಯ ಬಗ್ಗೆ ಹೇಳಬಹುದು. ಮೇನಿಯಾ, ಅಂದರೆ ಆ ವಿಪರೀತ ಉತ್ಸಾಹ, ಏರಿದಾಗ ಮಾತಿಗೆ ಬ್ರೇಕ್ ಇರುವುದಿಲ್ಲ. ಆದರೆ ಗಾಡಿ ಯಾವ ಊರಿನ ಕಡೆ ಹೊರಟಿತ್ತು ಅನ್ನುವುದನ್ನು ಬ್ರೇಕ್ ತೀರ್ಮಾನ ಮಾಡುವುದಿಲ್ಲ. ಬೈಪೋಲಾರ್ ಇರುವ ಎಷ್ಟೋ ಜನ ನನ್ನ ಹತ್ತಿರ ಬರುತ್ತಾರೆ. ಏರಿದಾಗ ಸಾಲ ಮಾಡಿ ಸೀರೆ ತಂದವರಿದ್ದಾರೆ. ಸಿಕ್ಕವರಿಗೆಲ್ಲ ಜಮೀನು ಬರೆದುಕೊಡುತ್ತೇನೆ ಅಂದವರಿದ್ದಾರೆ. ಯಾವ ಜಾತಿ, ಧರ್ಮದವರನ್ನೂ ದ್ವೇಷಿಸದೆ ಏರಿ ಇಳಿದವರೇ ಹೆಚ್ಚು. ಹಾಗಾಗಿ ಕಾಯಿಲೆ ಇದೆ ಅಂತ ಒಪ್ಪಿಕೊಂಡೂ ‘ಕ್ಷಮಿಸಲ್ಲ’ ಅನ್ನಬಹುದು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ನಿಜ.

‘ಹಂಗಾದ್ರೆ ಯಾರೂ ನಾಟಕ ಮಾಡೋದೇ ಇಲ್ವಾ?’ ಮಾಡುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ.

ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಜಿಗಾಂಟೆ ಅಂತ ಒಬ್ಬ ಮಾಫಿಯಾ ದೊರೆ ಇದ್ದ. ಸ್ನಾನದ ನಿಲುವಂಗಿ, ಚಪ್ಪಲಿ ಹಾಕಿಕೊಂಡು ಗ್ರೀನಿಚ್ ವಿಲೇಜ್ ಬೀದಿಗಳಲ್ಲಿ ತನ್ನಷ್ಟಕ್ಕೆ ಗೊಣಗುತ್ತಾ ಅಲೆಯುತ್ತಿದ್ದ. ಒಂದೆರಡು ದಿನವಲ್ಲ, ದಶಕಗಳ ಕಾಲ. ಬುದ್ಧಿ ಸರಿಯಿಲ್ಲ, ವಿಚಾರಣೆಗೆ ನಿಲ್ಲಲಾರ ಅಂತ ನಮ್ಮ ಕಸುಬಿನವರೇ ಹೇಳಿಕೆ ಕೊಟ್ಟಿದ್ದರು. 1997ರಲ್ಲಿ ಶಿಕ್ಷೆಯಾಯಿತು. 2003ರಲ್ಲಿ ಆತನೇ ಕೋರ್ಟಿನಲ್ಲಿ ಅದೆಲ್ಲ ನಟನೆ ಅಂತ ಒಪ್ಪಿಕೊಂಡ. ಈ ಕಥೆ ಓದಿದಾಗ ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು.

ನಾಟಕ ಹಿಡಿಯುವುದು ಹೇಗೆ? ಮುಖ ನೋಡಿ ಅಲ್ಲ. ನಟಿಸುವವರು ಸಾಮಾನ್ಯವಾಗಿ ಜಾಸ್ತಿ ನಟಿಸುತ್ತಾರೆ. ನಿಜವಾದ ಕಾಯಿಲೆಯಲ್ಲಿ ಒಟ್ಟಿಗೆ ಬರದ ಲಕ್ಷಣಗಳನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಮರೆವು ಅಂತ ನಾಟಕ ಮಾಡುವವರಿಗೆ ಒಂದು ಸೊಗಸಾದ ಪರೀಕ್ಷೆ ಇದೆ. 50 ಚಿತ್ರ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು, ಇದರಲ್ಲಿ ಮೊದಲು ನೋಡಿದ್ದು ಯಾವುದು ಅಂತ ಕೇಳುತ್ತಾರೆ. ಏನೂ ನೆನಪಿಲ್ಲದವರು ಕಣ್ಣು ಮುಚ್ಚಿ ಹೇಳಿದರೂ ಸುಮಾರು 25 ಸರಿಯಾಗಬೇಕು. ಅದಕ್ಕಿಂತ ತುಂಬ ಕಮ್ಮಿ ಬಂದರೆ? ಸರಿ ಉತ್ತರ ಗೊತ್ತಿದ್ದೇ ತಪ್ಪು ಹೇಳುತ್ತಿದ್ದಾರೆ ಅಂತ ಅರ್ಥ. ಇದರ ಜತೆ ಮನೆಯವರ ಹೇಳಿಕೆ, ಹಳೆಯ ದಾಖಲೆ, ವಾರ್ಡಿನಲ್ಲಿ ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ಹೇಗಿರುತ್ತಾರೆ ಅನ್ನುವ ನರ್ಸ್‌ಗಳ ಟಿಪ್ಪಣಿ, ಎಲ್ಲ ಸೇರಬೇಕು. ನರ್ಸ್‌ಗಳ ಟಿಪ್ಪಣಿಗೆ ನಾನು ಯಾವಾಗಲೂ ಜಾಸ್ತಿ ಬೆಲೆ ಕೊಡುತ್ತೇನೆ. ಇಷ್ಟೆಲ್ಲ ಕೈಯಲ್ಲಿದ್ದೂ ನಾವು ಮೋಸ ಹೋಗುತ್ತೇವೆ. ನೀವು ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ನೋಡಿ, ‘ಕಣ್ಣಲ್ಲಿ ನೀರೇ ಇಲ್ಲ ನೋಡಿ’ ಅಂದರೆ ನಾನು ಏನು ಹೇಳಲಿ?

ನಗುತ್ತಿರುವ ಫೋಟೋದ ಸಾಕ್ಷಿಯೂ ಇಂಥದ್ದೇ. ‘ಮೊನ್ನೆ ಮದುವೆ ಮನೇಲಿ ಡಾನ್ಸ್ ಮಾಡ್ತಿದ್ರು, ಇವರಿಗೆ ಡಿಪ್ರೆಷನ್ನಾ?’ ಡಿಪ್ರೆಷನ್ ಅಂತ ನಾವು ಹೇಳಬೇಕಾದರೆ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸೆ ಇಲ್ಲದಿರುವುದು ದಿನದ ಹೆಚ್ಚಿನ ಹೊತ್ತು, ಕನಿಷ್ಠ ಎರಡು ವಾರ ಇರಬೇಕು. ಜತೆಗೆ ನಿದ್ದೆ, ಹಸಿವು, ಸುಸ್ತು, ಗಮನ, ತಪ್ಪಿತಸ್ಥ ಭಾವನೆ ಇವುಗಳಲ್ಲಿ ಏರುಪೇರಾಗಿರಬೇಕು, ಕೆಲಸ ಕೆಟ್ಟಿರಬೇಕು. ಹೆಚ್ಚಿನ ಹೊತ್ತು ಅಂದರೆ ಪ್ರತಿ ಗಳಿಗೆಯೂ ಅಲ್ಲ. ಜನರ ಮುಂದೆ ಎರಡು ಗಂಟೆ ನಕ್ಕು, ಮನೆಗೆ ಹೋಗಿ ಎರಡು ದಿನ ಏಳದವರನ್ನು ನಾನು ನೋಡಿದ್ದೇನೆ. ನಟ ನಟಿಯರಿಗೆ ನಗುವುದೇ ಉದ್ಯೋಗ, ಅಲ್ವಾ?

ನಾನು ಕಾನ್ಯೆ ಬಗ್ಗೆ ಹೇಳಲ್ಲ ಅಂದೆನಲ್ಲ. ಅದಕ್ಕೂ ಒಂದು ಕಥೆ ಇದೆ. 1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದರು. ‘ಫ್ಯಾಕ್ಟ್’ ಅನ್ನುವ ಪತ್ರಿಕೆ 12,000ಕ್ಕೂ ಹೆಚ್ಚು ಮನೋವೈದ್ಯರಿಗೆ ಕಾಗದ ಬರೆದು, ಈ ಮನುಷ್ಯ ಮಾನಸಿಕವಾಗಿ ಅಧ್ಯಕ್ಷ ಪದವಿಗೆ ಯೋಗ್ಯನಾ ಅಂತ ಕೇಳಿತು. ಉತ್ತರಿಸಿದವರು 2,417 ಜನ. ಅದರಲ್ಲಿ 1,189 ಜನ ‘ಅಲ್ಲ’ ಅಂದರು. ಅವರ ಮುಖ ನೋಡದೆ, ನಾಡಿ ಹಿಡಿಯದೆ ಕೆಲವರು ಕಾಯಿಲೆಯ ಹೆಸರನ್ನೂ ಕೊಟ್ಟರು. ಗೋಲ್ಡ್‌ವಾಟರ್ ಚುನಾವಣೆ ಸೋತರು. ಆದರೆ ಮಾನನಷ್ಟ ಮೊಕದ್ದಮೆ ಗೆದ್ದು 75,000 ಡಾಲರ್ ದಂಡ ಕಟ್ಟಿಸಿದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ನಿಯಮ ಮಾಡಿತು: ನೀವೇ ಪರೀಕ್ಷೆ ಮಾಡದ, ಒಪ್ಪಿಗೆ ಕೊಡದ ಸಾರ್ವಜನಿಕ ವ್ಯಕ್ತಿಗಳ ಮಾನಸಿಕ ಸ್ಥಿತಿಯ ಬಗ್ಗೆ ವೃತ್ತಿಪರ ಅಭಿಪ್ರಾಯ ಕೊಡಬೇಡಿ. ಅದು ಅವರ ನಿಯಮ. ಆದರೂ ನನಗೆ ಸರಿ ಕಾಣುತ್ತದೆ. ಟಿವಿ ಚರ್ಚೆಗಳಲ್ಲಿ ನಮ್ಮ ಕೆಲವು ಸ್ನೇಹಿತರು ನಟನೊಬ್ಬನ ಟ್ವೀಟ್ ಓದಿ ರೋಗ ಹೇಳುವುದನ್ನು ನೋಡಿದಾಗಲಂತೂ ಇನ್ನೂ ಸರಿ ಕಾಣುತ್ತದೆ.

ನಮ್ಮಲ್ಲೂ ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ರೋಗಿಯ ವಿವರ ಗುಟ್ಟಾಗಿಡಬೇಕು ಅನ್ನುತ್ತದೆ. 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ‘ನಿಜ ಆದ್ರೆ ರಿಪೋರ್ಟ್ ತೋರಿಸ್ಲಿ’ ಅಂತ ಕೇಳುವವರಿಗೆ ಇದು ಗೊತ್ತಿರಲಿ. ಅಂದ ಹಾಗೆ ತೋರಿಸುವಂಥ ರಿಪೋರ್ಟ್ ಕೂಡ ಇರುವುದಿಲ್ಲ. ನಾವು ರಕ್ತ ಪರೀಕ್ಷೆ ಬರೆಯುವುದು ಥೈರಾಯ್ಡ್, ಬಿ12 ತೊಂದರೆ ಇದೆಯಾ ಅಂತ ನೋಡುವುದಕ್ಕೆ. ಡಿಪ್ರೆಷನ್ ಇದೆ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ.

ಈಗ ‘ಶ್ರೀಮಂತರ ಕಾಯಿಲೆ’. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 12 ರಾಜ್ಯ, ಸುಮಾರು 35,000 ವಯಸ್ಕರು. ಮೊದಲ ಪ್ರಯೋಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಆಗಿತ್ತು, ಆದರೆ ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಸಮೀಕ್ಷೆಯ ಹೊತ್ತಿಗೆ ವಯಸ್ಕರಲ್ಲಿ ಶೇಕಡ 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ವರಮಾನ ಕಮ್ಮಿ ಇರುವ ಮನೆಗಳಲ್ಲೇ ಜಾಸ್ತಿ. ಚಿಕಿತ್ಸೆ ಸಿಗದವರ ಪಾಲು ಕಾಯಿಲೆಯ ಬಗೆ ನೋಡಿಕೊಂಡು ಶೇಕಡ 70ರಿಂದ 92. ಅಂದರೆ ಬಡವರಿಗೆ ಜಾಸ್ತಿ ಬರುತ್ತದೆ, ಶ್ರೀಮಂತರು ಅದರ ಬಗ್ಗೆ ಮಾತಾಡುತ್ತಾರೆ. ನಮಗೆ ಮಾತು ಕೇಳಿಸುತ್ತದೆ, ಕಾಯಿಲೆ ಕಾಣಿಸುವುದಿಲ್ಲ. ನಮ್ಮ ಅನುಮಾನ ಹುಟ್ಟುವುದು ಅಲ್ಲೇ.

ಅಜ್ಜಿಯ ಮಾತಿಗೆ ಬರುತ್ತೇನೆ. ಅವರಿಗೆ ಡಿಪ್ರೆಷನ್ ಬಂದಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಮಲೆನಾಡಿನ ದೊಡ್ಡ ಮನೆಗಳಲ್ಲಿ ‘ಅವರು ಹಂಗೇ, ಜಾಸ್ತಿ ಮಾತಾಡಲ್ಲ’ ಅನ್ನಿಸಿಕೊಂಡು ಅಡುಗೆಮನೆಯಲ್ಲೇ ಇದ್ದುಬಿಟ್ಟ ಹೆಂಗಸರಿದ್ದರು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿಕೊಂಡವರಿದ್ದರು. ಎದೆಯುರಿ, ಮೈಕೈ ನೋವು ಅಂತ ವರ್ಷಗಟ್ಟಲೆ ಕಷಾಯ ಕುಡಿದವರಿದ್ದರು. ಅವರಲ್ಲಿ ಯಾರಿಗೆ ಏನಿತ್ತು ಅಂತ ಈಗ ಹೇಳುವುದಕ್ಕಾಗುವುದಿಲ್ಲ. ‘ಇರಲಿಲ್ಲ’ ಅಂತಲೂ ಹೇಳುವುದಕ್ಕಾಗುವುದಿಲ್ಲ.

ಈ ಊರಿನಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ಕಷ್ಟ. 2019ರ ಜುಲೈ ಕೊನೆಯಲ್ಲಿ ಕಾಫಿ ಡೇ ಸಿದ್ಧಾರ್ಥ ಅವರನ್ನು ಕಳೆದುಕೊಂಡಾಗ, ‘ಅಷ್ಟಿದ್ದವರಿಗೆ ಏನು ಕಮ್ಮಿಯಾಗಿತ್ತು?’ ಅಂತ ಊರೆಲ್ಲ ಕೇಳಿತು. ಅವರ ವಿಷಯದಲ್ಲಿ ಕಾರಣ ಹೇಳುವುದಕ್ಕೆ ನಾನು ಯಾರೂ ಅಲ್ಲ. ಆ ಪ್ರಶ್ನೆಯ ಬಗ್ಗೆ ಮಾತ್ರ ಹೇಳುತ್ತೇನೆ. ಮನಸ್ಸಿನ ನೋವನ್ನು ಆಸ್ತಿಯ ಲೆಕ್ಕದಲ್ಲಿ ಅಳೆಯುವ ಪ್ರಶ್ನೆ ಅದು. ಆಸ್ತಿ ಇರುವವರು ಅದನ್ನು ಕೇಳಿಸಿಕೊಂಡರೆ ಬಾಯಿ ಬಿಡುವುದಿಲ್ಲ.

ನನಗೆ ಜಾಸ್ತಿ ಕಾಡುವುದು ಇನ್ನೊಂದು. ನಾವು ಯಾರನ್ನು ನಂಬುತ್ತೇವೆ ನೋಡಿ. ವಿರಾಟ್ ಕೊಹ್ಲಿ 2014ರ ಇಂಗ್ಲೆಂಡ್ ಪ್ರವಾಸದಲ್ಲಿ 10 ಇನಿಂಗ್ಸ್‌ನಲ್ಲಿ ಹೊಡೆದದ್ದು 134 ರನ್. ಆಗ ಡಿಪ್ರೆಷನ್ ಇತ್ತು ಅಂತ ಹೇಳಿದ್ದು 2021ರಲ್ಲಿ. ನಡುವೆ 2018ರಲ್ಲಿ ಅದೇ ಇಂಗ್ಲೆಂಡಿನಲ್ಲಿ 593 ರನ್ ಹೊಡೆದಿದ್ದರು. ಹೆಚ್ಚು ಜನ ಚಪ್ಪಾಳೆ ತಟ್ಟಿದರು. 2014ರಲ್ಲೇ, ಆ ಹತ್ತು ಇನಿಂಗ್ಸ್ ಮಧ್ಯದಲ್ಲೇ ಹೇಳಿದ್ದರೆ? ಕೊಡಗಿನ ಮೂಲದ ನಮ್ಮ ರಾಬಿನ್ ಉತ್ತಪ್ಪ 2009ರಿಂದ 2011ರ ನಡುವಿನ ತಮ್ಮ ಕರಾಳ ದಿನಗಳ ಬಗ್ಗೆ, ಆತ್ಮಹತ್ಯೆಯ ಯೋಚನೆ ಬರುತ್ತಿದ್ದುದರ ಬಗ್ಗೆ ಬಿಚ್ಚಿ ಹೇಳಿದ್ದು 2020ರಲ್ಲಿ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದರು.

ಮಧ್ಯದಲ್ಲೇ ಹೇಳಿದವರು ಅಮೆರಿಕದ ಸಿಮೋನ್ ಬೈಲ್ಸ್. 2021ರ ಟೋಕಿಯೋ ಒಲಿಂಪಿಕ್ಸ್, ಜಿಮ್ನಾಸ್ಟಿಕ್ಸ್ ತಂಡದ ಫೈನಲ್. ಓಡಿ ಬಂದು ಚಿಮ್ಮಿ ಹಾರುವ ವಾಲ್ಟ್‌ನಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು, ಒಂದೂವರೆಗೆ ಇಳಿದುಬಿಟ್ಟರು. ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಅಂತಲೇ ತಿಳಿಯುತ್ತಿಲ್ಲ ಅಂದರು. ಅಷ್ಟು ಎತ್ತರದಿಂದ ಬೀಳುವಾಗ ಹಾಗಾದರೆ ಕತ್ತು ಮುರಿಯಬಹುದು. ಅವರು ಹಿಂದೆ ಸರಿದರು. ಅರ್ಧಕ್ಕೆ ಬಿಟ್ಟು ಓಡಿದವಳು, ದೇಶಕ್ಕೆ ಅವಮಾನ ಅಂತೆಲ್ಲ ಕೆಲವರು ಅಂದರು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದ ಮೇಲೆ ಬೈದವರ ಸದ್ದು ಅಡಗಿತು. ಪದಕ ಗೆದ್ದದ್ದಕ್ಕೂ ಟೋಕಿಯೋದಲ್ಲಿ ಹೇಳಿದ್ದು ನಿಜವೋ ಸುಳ್ಳೋ ಅನ್ನುವುದಕ್ಕೂ ಏನು ಸಂಬಂಧ? ಪ್ಯಾರಿಸ್‌ನಲ್ಲಿ ಸೋತಿದ್ದರೆ ಟೋಕಿಯೋದ ಮಾತು ಸುಳ್ಳಾಗುತ್ತಿತ್ತಾ? ನಮಗೆ ವಾಸಿಯಾದ ಮೇಲಿನ ಕಥೆ ಇಷ್ಟ, ಕೊನೆಗೆ ಗೆಲುವು ಇರಬೇಕು. ನನ್ನ ಓಪಿಡಿಗೆ ಬರುವವರಲ್ಲಿ ತುಂಬ ಜನ ಮಧ್ಯದಲ್ಲಿದ್ದಾರೆ, ಅವರಿಗೆ ತೋರಿಸುವುದಕ್ಕೆ ಚಿನ್ನದ ಪದಕ ಇಲ್ಲ.

ದೀಪಿಕಾ ಪಡುಕೋಣೆ ಅವರದೂ ಹೀಗೇ. 2015ರ ಶುರುವಿನಲ್ಲಿ ಹೇಳಿದಾಗ ಚಿಕಿತ್ಸೆ ಪಡೆದು ಸುಧಾರಿಸಿದ್ದರು. ಅವರ ಮಾತಿನಲ್ಲಿ ನನಗೆ ಹಿಡಿಸಿದ್ದು ತಾಯಿಯ ಭಾಗ. ಬೆಂಗಳೂರಿನಿಂದ ಬಂದಿದ್ದ ಅಪ್ಪ ಅಮ್ಮ ವಾಪಸು ಹೊರಟಾಗ ಮಗಳು ಅತ್ತಳು. ಅಮ್ಮನಿಗೆ ಇದು ಮಾಮೂಲಿ ಅಳು ಅಲ್ಲ ಅನ್ನಿಸಿತು, ಕೌನ್ಸೆಲರ್ ಹತ್ತಿರ ಮಾತಾಡಿಸಿದರು. ಆಮೇಲೆ ದೀಪಿಕಾ ಸಂಸ್ಥೆ ಕಟ್ಟಿದರು, ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಶುರುವಾಯಿತು. ಆ ಕೆಲಸವನ್ನು ಬೇಕಾದರೆ ಹೋಗಿ ನೋಡಿ, ಲೆಕ್ಕ ಕೇಳಿ, ಟೀಕೆ ಮಾಡಿ. ಸಾರ್ವಜನಿಕವಾಗಿ ಮಾಡಿದ ಕೆಲಸಕ್ಕೆ ಅದು ಅನ್ವಯಿಸುತ್ತದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಕಾಫಿ ಬೆಳೆಗಾರರೊಬ್ಬರು ಎದ್ದರು. ‘ಡಾಕ್ಟ್ರೇ, ಟಿವಿ ನೋಡ್ಕೊಂಡು ಕೆಲಸದವರೂ ಇದೇ ಹೇಳಿ ರಜೆ ಕೇಳಿದ್ರೆ ತೋಟ ನಡೆಸೋದು ಹೆಂಗೆ?’ ಸಭೆ ನಕ್ಕಿತು. ಪ್ರಶ್ನೆ ಒಳ್ಳೆಯದೇ. ತೋಟದ ಕೆಲಸದವರಿರುವ ಲೈನ್ ಮನೆಗಳಿಂದ ನನ್ನ ಹತ್ತಿರ ಬರುವವರು ಡಿಪ್ರೆಷನ್ ಅಂತ ಬರುವುದೇ ಇಲ್ಲ ಅಂದೆ. ತಲೆನೋವು, ಗ್ಯಾಸ್, ನಿದ್ದೆ ಇಲ್ಲ, ಕೈಕಾಲು ಜೋಮು ಅಂತ ಬರುತ್ತಾರೆ. ಎಷ್ಟೋ ಕಡೆ ತೋರಿಸಿ, ಸ್ಕ್ಯಾನ್ ಮಾಡಿಸಿ, ಸಾಲ ಆದ ಮೇಲೆ ಬರುತ್ತಾರೆ. ರಜೆಯ ನಿಯಮ ನಿಮ್ಮದು, ಅದರಲ್ಲಿ ನೀವು ಗಟ್ಟಿಯಾಗಿರಿ. ‘ನಿನಗೆ ಏನೂ ಆಗಿಲ್ಲ’ ಅನ್ನುವ ತೀರ್ಪು ಮಾತ್ರ ಕೊಡಬೇಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ. ಬರುವುದಕ್ಕಾಗದಿದ್ದರೆ 14416ಕ್ಕೆ ಫೋನ್ ಮಾಡಿಸಿ, ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಬ್ಬರು ಮಾರ್ಗನ್ ಕಥೆ ಏನಾಯಿತು ಅಂತ ಕೇಳಿದರು. 2021ರ ಸೆಪ್ಟೆಂಬರ್ 1ರಂದು ಆಫ್‌ಕಾಮ್ ತೀರ್ಪು ಕೊಟ್ಟಿತು. ಆತನ ಮಾತಿನಿಂದ ಹಾನಿಯಾಗುವ ಸಾಧ್ಯತೆ ಇತ್ತು, ಆದರೆ ಅದೇ ಕಾರ್ಯಕ್ರಮದಲ್ಲಿ ಬೇರೆಯವರು ಅದನ್ನು ಸಾಕಷ್ಟು ಎದುರಿಸಿದ್ದರು, ಹಾಗಾಗಿ ನಿಯಮ ಮುರಿದಿಲ್ಲ ಅಂದಿತು. ಅನುಮಾನ ಹೇಳುವುದಕ್ಕೆ ಬಾಯಿ ಕಟ್ಟಿದರೆ ವಾಕ್ ಸ್ವಾತಂತ್ರ್ಯಕ್ಕೆ ಪೆಟ್ಟು ಅಂತಲೂ ಹೇಳಿತು. ನನಗೆ ಈ ತೀರ್ಪು ಒಪ್ಪಿಗೆ. ನಮ್ಮ ಚಾನೆಲ್‌ಗಳಲ್ಲಿ ಪಕ್ಕದಲ್ಲಿ ಕೂತು ಎದುರಿಸುವವರು ಇರುತ್ತಾರಾ ಅನ್ನುವುದು ಬೇರೆ ಪ್ರಶ್ನೆ.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ಹುಡುಗಿಯದು. ಅದೇ ಎಲ್ಲಕ್ಕಿಂತ ಚೂಪಾಗಿತ್ತು. ‘ಪರೀಕ್ಷೆ ಮಾಡದೆ ಸುಳ್ಳು ಅನ್ನಬಾರದು ಅಂದ್ರಿ. ಹಾಗಾದ್ರೆ ಪರೀಕ್ಷೆ ಮಾಡದೆ ನಿಜ ಅನ್ನೋದೂ ತಪ್ಪೇ ಅಲ್ವಾ?’

ತಪ್ಪೇ ಅಂದೆ. ಡಾಕ್ಟರ್ ಆಗಿ ಯಾವ ತಾರೆಗೂ ನಾನು ಸರ್ಟಿಫಿಕೇಟ್ ಕೊಡಲಾರೆ. ಆದರೆ ಒಬ್ಬರು ಹೇಳಿಕೊಂಡಾಗ ಕೇಳಿಸಿಕೊಳ್ಳುವುದಕ್ಕೆ ಸರ್ಟಿಫಿಕೇಟ್ ಬೇಕಿಲ್ಲ. ನನ್ನ ಕೋಣೆಯಲ್ಲೂ ಮೊದಲು ಹೇಳಿದ್ದನ್ನು ನಿಜ ಅಂತ ಇಟ್ಟುಕೊಂಡೇ ಶುರು ಮಾಡುತ್ತೇನೆ, ಪರೀಕ್ಷೆ ಆಮೇಲೆ. ಸುಳ್ಳು ಹೇಳಿದವರನ್ನು ನಂಬಿ ಮೋಸ ಹೋದರೆ ನನ್ನ ಅರ್ಧ ಗಂಟೆ ಹೋಗುತ್ತದೆ. ನಿಜ ಹೇಳಿದವರನ್ನು ಬೈದು ಕಳಿಸಿದರೆ ಅವರು ಇನ್ನೊಂದು ಸಲ ಬರುವುದಿಲ್ಲ.

‘ಆದ್ರೂ ದೀಪಿಕಾ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಲೇ ಇಲ್ಲ’ ಅಂದಳು.

ಹೇಳುವುದಿಲ್ಲಮ್ಮ ಅಂದೆ. ಅವಳಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಕಾಫಿ ಕುಡಿಯುವಾಗ ಮತ್ತೆ ಬಂದು ಆ 50 ಚಿತ್ರಗಳ ಪರೀಕ್ಷೆಯ ಬಗ್ಗೆ ಕೇಳಿದಳು. ಅದಕ್ಕೆ ಮಾತ್ರ ಪೂರ್ತಿ ಉತ್ತರ ಕೊಟ್ಟೆ.